2008ರ ‘ಫರ್ಗಾಟನ್ ರೆಲ್ಮ್ಸ್ ಕ್ಯಾಂಪೇನ್ ಗೈಡ್’ ನಿಜಕ್ಕೂ ಅಷ್ಟು ಕೆಟ್ಟ ಪುಸ್ತಕವೇ?

ಹೊಸದಾಳ

ಎಲ್ಲರಿಗೂ ನಮಸ್ಕಾರ. 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಕಂಪ್ಯೂಟರ್ ಆಟ ಬಂದ ಮೇಲೆ ಮೇಜಿನ ಸುತ್ತ ಕುಳಿತು, ಪಾತ್ರ ವಹಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಆಡಲು ಶುರುಮಾಡಿದವರಲ್ಲಿ ನಾನೂ ಒಬ್ಬ. ಈಗ ನಮ್ಮ ಗುಂಪಿಗೆ ಡಿಎಂ (ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸಿ ಆಟ ಆಡಿಸುವವನು) ಆಗುವ ಸರದಿ ನನ್ನದಾಗಿರುವುದರಿಂದ ಈ ಆಟದ ಫರ್ಗಾಟನ್ ರೆಲ್ಮ್ಸ್ ಎಂಬ ಕಾಲ್ಪನಿಕ ಜಗತ್ತಿನ ಫೇರೂನ್ ಖಂಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಹಾಗೆ ಓದುತ್ತಿರುವಾಗ ಕೈಗೆ ಬಂದದ್ದು, ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯು ಆಟದ ನಿಯಮಗಳ ನಾಲ್ಕನೇ ಆವೃತ್ತಿಗಾಗಿ 2008ರ ಆಗಸ್ಟ್‌ನಲ್ಲಿ ಹೊರತಂದ ‘ಫರ್ಗಾಟನ್ ರೆಲ್ಮ್ಸ್ ಕ್ಯಾಂಪೇನ್ ಗೈಡ್’. ಬ್ರೂಸ್ ಕಾರ್ಡೆಲ್, ಎಡ್ ಗ್ರೀನ್‌ವುಡ್, ಕ್ರಿಸ್ ಸಿಮ್ಸ್ ಮೂವರೂ ಸೇರಿ ಬರೆದ, ಆಟ ನಡೆಯುವ ಜಗತ್ತನ್ನು ವಿವರಿಸುವ 288 ಪುಟಗಳ ಪುಸ್ತಕ ಅದು.

ನನಗೆ ಅದು ಚೆನ್ನಾಗಿಯೇ ಕಂಡಿತು. ಮೊದಲ ಅಧ್ಯಾಯದಲ್ಲೇ ಲೌಡ್‌ವಾಟರ್ ಎಂಬ ಸಣ್ಣ ಊರನ್ನು ಕೊಟ್ಟು, ಗಾಬ್ಲಿನ್‌ಗಳ ದಾಳಿಯೊಂದಿಗೆ ಆಟ ಆರಂಭಿಸಿ ಎಂದು ದಾರಿ ತೋರಿಸುತ್ತದೆ. ಹೊಸಬನಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಇನ್ನೇನು ಬೇಕು? ಆದರೆ ಹಳಬರ ವಿಮರ್ಶೆಗಳನ್ನು ಓದಿದರೆ, ಈ ಪುಸ್ತಕದ ಹೆಸರೆತ್ತಿದ ಕೂಡಲೇ ಮನೆಗೆ ಬೆಂಕಿ ಬಿದ್ದವರ ಹಾಗೆ ಮಾತನಾಡುತ್ತಾರೆ. ಆ ವಿಮರ್ಶೆಯಲ್ಲಿ ಪುಸ್ತಕಕ್ಕೆ ಸಂಬಂಧಿಸಿದ್ದು ಎಷ್ಟು, ಬೇರೆ ಸಿಟ್ಟು ಎಷ್ಟು ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಬೂದುಪೆಟ್ಟಿಗೆ

ನೀವು ಬಿಡಿಸಿ ಹೇಳಿ ಎಂದಿರಿ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಫರ್ಗಾಟನ್ ರೆಲ್ಮ್ಸ್ ಜಗತ್ತನ್ನು ಕೆನಡಾದ ಗ್ರೀನ್‌ವುಡ್ ಅವರು ಹುಡುಗನಾಗಿದ್ದಾಗಲೇ, ಅಂದರೆ ಈ ಆಟ ಹುಟ್ಟುವುದಕ್ಕೂ ಮೊದಲೇ, ಕಥೆಗಳಿಗಾಗಿ ಕಟ್ಟಿಕೊಂಡಿದ್ದರು. 1979ರಿಂದ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಅವರ ಲೇಖನಗಳು ಬರುತ್ತಿದ್ದವು. 1987ರಲ್ಲಿ, ಆಗ ಈ ಆಟವನ್ನು ಪ್ರಕಟಿಸುತ್ತಿದ್ದ ಟಿಎಸ್‌ಆರ್ ಸಂಸ್ಥೆ ಅದನ್ನು ಬೂದು ಬಣ್ಣದ ಪೆಟ್ಟಿಗೆಯಲ್ಲಿ ಹೊರತಂದಾಗ ಗ್ರೀನ್‌ವುಡ್ ಜೊತೆಗೆ ಕೈಜೋಡಿಸಿದವರು ಜೆಫ್ ಗ್ರಬ್. ಆ ಪೆಟ್ಟಿಗೆಯ ವಿಶ್ವಕೋಶದಲ್ಲಿ ಪ್ರತಿ ಊರಿನ ಬರಹವೂ ಸಾಮಾನ್ಯವಾಗಿ ಮೂರು ಭಾಗಗಳಲ್ಲಿ ಇರುತ್ತಿತ್ತು: ಮೊದಲ ನೋಟಕ್ಕೆ ಕಾಣುವುದು, ಮುದಿ ಮಾಂತ್ರಿಕ ಎಲ್ಮಿನ್‌ಸ್ಟರ್‌ನ ಟಿಪ್ಪಣಿ, ಕೊನೆಗೆ ಆಟಕ್ಕೆ ಬೇಕಾದ ಅಂಕಿಅಂಶ. ಎಲ್ಮಿನ್‌ಸ್ಟರ್ ಹೇಳಿದ್ದೆಲ್ಲ ಸತ್ಯವಾಗಿರಬೇಕಿಲ್ಲ ಎಂಬ ಸವಲತ್ತು ಡಿಎಂಗೆ ಅಲ್ಲೇ ಸಿಗುತ್ತಿತ್ತು. ಸೆಂಬಿಯಾ ಎಂಬ ದೇಶವನ್ನಂತೂ ಡಿಎಂಗಳು ತಮಗೆ ಬೇಕಾದಂತೆ ತುಂಬಿಕೊಳ್ಳಲಿ ಎಂದು ಬೇಕೆಂದೇ ಬಿಟ್ಟಿದ್ದರು.

ಮೂರನೇ ಆವೃತ್ತಿಯ 2001ರ ಪುಸ್ತಕ 320 ಪುಟಗಳದ್ದು. ಅದಕ್ಕೆ ಆ ವರ್ಷದ ಅತ್ಯುತ್ತಮ ಪೂರಕ ಪುಸ್ತಕವೆಂದು ಒರಿಜಿನ್ಸ್ ಪ್ರಶಸ್ತಿ ಬಂತು. ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ ಇಡೀ ಖಂಡವನ್ನು ತುಂಬಿದ್ದರು. ಕಥೆಯ ಕಾಲ, ಆ ಜಗತ್ತಿನ ಕಾಲಗಣನೆಯಾದ ಡೇಲ್ಸ್ ಗಣನೆಯ 1372.

2008ರ ಪುಸ್ತಕ ಆ ಕಾಲವನ್ನು ಒಮ್ಮೆಗೇ 1479ಕ್ಕೆ ಎಳೆದೊಯ್ದಿತು. ನಡುವೆ, 1385ರಲ್ಲಿ, ಶಾರ್ ದೇವತೆಯ ನೆರವಿನಿಂದ ಸಿರಿಕ್ ಎಂಬ ದೇವರು ಮಂತ್ರವಿದ್ಯೆಯ ಅಧಿದೇವತೆ ಮಿಸ್ಟ್ರಾಳನ್ನು ಕೊಲ್ಲುತ್ತಾನೆ, ಸ್ಪೆಲ್‌ಪ್ಲೇಗ್ ಎಂಬ ನೀಲಿ ಬೆಂಕಿ ಏಳುತ್ತದೆ, ಮಾಂತ್ರಿಕರ ದೇಶ ಹಲ್ರುವಾ ಸಿಡಿದುಹೋಗುತ್ತದೆ, ಹಾಫ್‌ಲಿಂಗ್ ಎಂಬ ಕುಳ್ಳ ಕುಲದವರ ದೇಶ ಲೂಯಿರೆನ್ ಮುಳುಗುತ್ತದೆ, ಉಂಥರ್ ಇದ್ದ ಕಡೆ ಅಬೇರ್ ಎಂಬ ಅವಳಿ ಜಗತ್ತಿನ ಒಂದು ತುಂಡು ಬಂದು ಕೂರುತ್ತದೆ. ನಿಮಗೆ ಇದು ಹಿನ್ನೆಲೆ ಕಥೆ. ಅದಕ್ಕೂ ಮುಂಚೆ ಅಲ್ಲಿ ಆಡುತ್ತಿದ್ದವರಿಗೆ ಅದು ಹಿನ್ನೆಲೆಯಾಗಿರಲಿಲ್ಲ.

ತುಂಗಾತೀರದವಳು

ಬೂದುಪೆಟ್ಟಿಗೆ ಅವರೇ, ಇಷ್ಟು ಹೇಳಿ 2004ರ ‘ಶೈನಿಂಗ್ ಸೌತ್’ ಅನ್ನು ಬಿಟ್ಟಿರಲ್ಲ! ಹಲ್ರುವಾ, ಲೂಯಿರೆನ್ ಮತ್ತು ದಕ್ಷಿಣದ ಇತರ ದೇಶಗಳಿಗೆಂದೇ ಇದೇ ಸಂಸ್ಥೆ ಒಂದು ಗಟ್ಟಿ ರಟ್ಟಿನ ಪುಸ್ತಕ ಮಾರಿತ್ತು. ನಾಲ್ಕು ವರ್ಷ ಕಳೆಯುವುದರೊಳಗೆ ಅವೇ ದೇಶಗಳನ್ನು ನಕ್ಷೆಯಿಂದ ಅಳಿಸಿತು. 2007ರಲ್ಲಿ ‘ಗ್ರ್ಯಾಂಡ್ ಹಿಸ್ಟರಿ ಆಫ್ ದ ರೆಲ್ಮ್ಸ್’ ಎಂಬ ಹೆಸರಿನಲ್ಲಿ ಇಡೀ ಜಗತ್ತಿನ ಇತಿಹಾಸವನ್ನು ವರ್ಷವಾರು ಜೋಡಿಸಿ ಕೊಟ್ಟು, ಮರುವರ್ಷವೇ ಅದರ ಮೇಲೆ ನೂರು ವರ್ಷದ ಗೆರೆ ಎಳೆಯಿತು. ಓದುಗ ಸಿಟ್ಟಾಗದೆ ಇನ್ನೇನು ಮಾಡಬೇಕು?

ನಮ್ಮ ಗುಂಪಿನ ಆಟ ಆಗ ನಡೆಯುತ್ತಿದ್ದದ್ದು ಹಲ್ರುವಾದಲ್ಲೇ, ಅಲ್ಲಿನ ಹಾರುವ ಹಡಗುಗಳ ಮೇಲೆ. ಹೊಸ ಪುಸ್ತಕ ಬಂತೆಂದು ಆಸೆಯಿಂದ ತೆರೆದರೆ ನಮ್ಮ ಪಾತ್ರಗಳು ಓಡಾಡಿದ ಊರುಗಳು ಒಂದೂ ಇರಲಿಲ್ಲ. ಅವು ಹೇಗೆ ಹೋದವು, ಯಾರು ತಪ್ಪಿಸಿಕೊಂಡರು, ಹಡಗುಗಳೇನಾದವು ಎಂದು ಹೇಳುವ ಸೌಜನ್ಯವೂ ಆ ಪುಸ್ತಕಕ್ಕೆ ಇರಲಿಲ್ಲ.

ಕಬ್ಬನ್‌ಪೇಟೆ ಬಾರ್ಡ್

ನಿಮ್ಮ ಮನೆಗೆ ಯಾರೂ ಬಂದು ಹಳೆಯ ಪುಸ್ತಕ ಕಸಿದುಕೊಂಡು ಹೋಗಲಿಲ್ಲವಲ್ಲ, ಮೇಡಂ. 1372ರಲ್ಲೇ ಆಟ ಮುಂದುವರಿಸಬಹುದಿತ್ತು.

ತುಂಗಾತೀರದವಳು

ಮುಂದುವರಿಸಿದೆವು. ಆದರೆ ಕ್ಯಾಂಪೇನ್ ಪುಸ್ತಕವನ್ನು ಜನ ಕೊಳ್ಳುವುದು ಮುಂದೆಯೂ ಅದಕ್ಕೆ ಹೊಂದುವ ಸಾಹಸಗಳು, ಕಾದಂಬರಿಗಳು, ಲೇಖನಗಳು ಬರುತ್ತವೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ಕಡಿದ ಮೇಲೆ ಕಪಾಟಿನಲ್ಲಿರುವುದು ಪುಸ್ತಕವಷ್ಟೇ.

ಆರನೇ ಹಂತದ ರಾಕ್ಷಸ

ನನ್ನ ಅಭಿಪ್ರಾಯದಲ್ಲಿ ಅರ್ಧ ಸಿಟ್ಟು ನಾಲ್ಕನೇ ಆವೃತ್ತಿಯ ನಿಯಮಗಳ ಮೇಲಿನದು. ಪುಸ್ತಕ ಸುಮ್ಮನೆ ನಡುವೆ ಸಿಕ್ಕಿಬಿದ್ದಿತು. 2007ರಲ್ಲಿ ‘ಡ್ರ್ಯಾಗನ್’, ‘ಡಂಜನ್’ ಎರಡೂ ಪತ್ರಿಕೆಗಳ ಮುದ್ರಣ ನಿಂತಿತ್ತು. 2008ರ ಜೂನ್‌ನಲ್ಲಿ ಬಂದ ಹೊಸ ನಿಯಮಗಳನ್ನು ಜನ ಆನ್‌ಲೈನ್ ಕಂಪ್ಯೂಟರ್ ಆಟಕ್ಕೆ ಹೋಲಿಸಿ ಗೊಣಗುತ್ತಿದ್ದರು. ಅಷ್ಟರಲ್ಲಿ ಈ ಪುಸ್ತಕ ಬಂತು. ಡ್ರ್ಯಾಗನ್‌ಬಾರ್ನ್, ಎಲಾಡ್ರಿನ್ ಮುಂತಾದ ಹೊಸ ಕುಲಗಳಿಗೆ ಜಾಗ ಮಾಡಿಕೊಡಲೆಂದೇ ಜಗತ್ತನ್ನು ಒಡೆದಿದ್ದಾರೆ ಎಂಬ ಭಾವನೆ ಬಂದದ್ದು ಅದಕ್ಕೇ. ಆ ವರ್ಷದ ಯಾವ ವಿಮರ್ಶೆಯನ್ನು ಓದಿದರೂ, ಅದು ಈ ಪುಸ್ತಕದ ವಿಮರ್ಶೆಯೋ ಆವೃತ್ತಿಯ ವಿಮರ್ಶೆಯೋ ಎಂದು ಎರಡು ಬಾರಿ ನೋಡಬೇಕಾಗುತ್ತದೆ.

ಡಲ್ಲಾಸ್ ಕನ್ನಡಿಗ

ನಾನು ಆಗ ಅಮೆರಿಕದಲ್ಲೇ ಇದ್ದು, ಪುಸ್ತಕ ಬಿಡುಗಡೆಯಾದ ಹೊತ್ತಿಗೇ ಕೊಂಡು ಓದಿದವನು. ವಿನ್ಯಾಸಕಾರರ ಮಾತನ್ನೂ ಇಲ್ಲಿ ದಾಖಲಿಸುವುದು ನ್ಯಾಯ. ಅವರು ಹೇಳುತ್ತಿದ್ದ ತೊಂದರೆ ನಿಜವಾದದ್ದೇ ಆಗಿತ್ತು. ಇಪ್ಪತ್ತು ವರ್ಷಗಳ ಪುಸ್ತಕ, ಕಾದಂಬರಿಗಳ ರಾಶಿಯನ್ನು ನೋಡಿ ಹೊಸ ಡಿಎಂಗಳು ಹೆದರುತ್ತಿದ್ದರು. ಮೇಜಿನಲ್ಲಿ ಒಬ್ಬ ಹಳೆಯ ಅಭಿಮಾನಿ ಇದ್ದರೆ ಸಾಕು, “ಆ ಊರಿನ ಅಧಿಪತಿ ಅವನಲ್ಲ, ಇವನು” ಎಂದು ತಿದ್ದುತ್ತ ಕೂರುತ್ತಿದ್ದ. ಮೇಲಾಗಿ ಎಲ್ಮಿನ್‌ಸ್ಟರ್, ಖೆಲ್ಬೆನ್ ಮುಂತಾದ ಮಹಾಮಾಂತ್ರಿಕರು ಊರಿಗೊಬ್ಬರಂತೆ ಇರುವಾಗ ಮೂರನೇ ಹಂತದ ನಮ್ಮ ಪಾತ್ರಗಳು ಜಗತ್ತನ್ನು ಉಳಿಸಬೇಕಾದ ಅಗತ್ಯವಾದರೂ ಏನು ಎಂಬ ಪ್ರಶ್ನೆ ಏಳುತ್ತಿತ್ತು. ನೂರು ವರ್ಷ ಮುಂದೆ ಹೋದರೆ ಈ ಎರಡೂ ತೊಂದರೆಗಳು ಒಟ್ಟಿಗೆ ಕಳೆಯುತ್ತವೆ ಎಂಬುದು ಅವರ ಲೆಕ್ಕ. ಕತ್ತಲೆಯ ನಡುವೆ ಅಲ್ಲಲ್ಲಿ ಮಿಣುಕುವ ಊರುಗಳು ಎಂಬ ನಾಲ್ಕನೇ ಆವೃತ್ತಿಯ ಕಲ್ಪನೆಗೂ ಪಾಳುಬಿದ್ದ ಫೇರೂನ್ ಹೊಂದುತ್ತಿತ್ತು.

ಆದರೆ ಅದೇ ಆವೃತ್ತಿಯ ಇನ್ನೊಂದು ನಿರ್ಧಾರ ಈ ಲೆಕ್ಕವನ್ನು ಕೆಡಿಸಿತು. ಪ್ರತಿ ಜಗತ್ತಿಗೂ ಡಿಎಂಗೊಂದು ಪುಸ್ತಕ, ಆಟಗಾರರಿಗೊಂದು ಪುಸ್ತಕ, ಒಂದು ಸಾಹಸ, ಇಷ್ಟೇ ಎಂದು ನಿಗದಿ ಮಾಡಿದ್ದರು. ಇಡೀ ಖಂಡವನ್ನು ಕೆಡವಿ ಹೊಸದಾಗಿ ಕಟ್ಟಿದ್ದೀರಿ ಎಂದಾದರೆ, ಆ ಹೊಸ ಖಂಡವನ್ನು ವಿವರಿಸಲು ಹೆಚ್ಚು ಪುಟ ಬೇಕು. ಇವರು ಇದ್ದುದಕ್ಕಿಂತ ಕಡಿಮೆ ಪುಟ ಕೊಟ್ಟರು.

ಗಡಿನಾಡ ಭಾಗವತ

ನಾನು ಕಾಸರಗೋಡಿನ ಕಡೆಯವನು, ತಾಳಮದ್ದಳೆಯ ಹುಚ್ಚಿನವನು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಅರ್ಥ ಹೇಳುವುದು ಅರ್ಥಧಾರಿಯ ಕೆಲಸ. ಪ್ರಸಂಗಕರ್ತನೇ ಎಲ್ಲವನ್ನೂ ಬರೆದಿಟ್ಟರೆ ಅರ್ಥಧಾರಿಗೆ ಉಳಿಯುವುದು ಏನು? ಆ ದೃಷ್ಟಿಯಿಂದ, ಕಡಿಮೆ ವಿವರ ಕೊಟ್ಟಿದ್ದಾರೆ ಎಂಬುದನ್ನೇ ದೋಷವೆನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹೊಸದಾಳ ಅವರಿಗೆ ಲೌಡ್‌ವಾಟರ್ ಹಿಡಿಸಿದ್ದು ಇದೇ ಕಾರಣಕ್ಕೆ ಇರಬಹುದು.

ಬೂದುಪೆಟ್ಟಿಗೆ

ಭಾಗವತರೇ, ಅರ್ಥಧಾರಿಗೆ ಕೃಷ್ಣ ಯಾರು, ಕರ್ಣ ಯಾರು ಎಂದು ಪ್ರಸಂಗಕ್ಕೆ ಮುಂಚೆಯೇ ಗೊತ್ತಿರುತ್ತದೆ. ಪುರಾಣ ಅವನ ಬೆನ್ನಿಗೆ ಇರುತ್ತದೆ. ಇಲ್ಲಿ ಆ ಪುರಾಣವನ್ನೇ ರದ್ದು ಮಾಡಿ ಪದ್ಯವನ್ನೂ ಕಡಿಮೆ ಮಾಡಿದ್ದಾರೆ.

ಬಿಟ್ಟ ಜಾಗ ಎರಡು ಬಗೆಯದು. 1987ರ ಸೆಂಬಿಯಾ ಖಾಲಿಯಾಗಿದ್ದರೂ ಅದರ ಸುತ್ತ ಕಾರ್ಮಿರ್ ರಾಜ್ಯ ಇತ್ತು, ಡೇಲ್ಸ್ ಕಣಿವೆಗಳಿದ್ದವು, ವ್ಯಾಪಾರದ ದಾರಿಗಳಿದ್ದವು. ಖಾಲಿ ಜಾಗಕ್ಕೆ ಅಂಚುಗಳಿದ್ದುದರಿಂದ ಡಿಎಂಗೆ ಕೈಹಿಡಿಯಲು ಏನಾದರೂ ಸಿಗುತ್ತಿತ್ತು. 2008ರಲ್ಲಿ ಖಾಲಿ ಬಿದ್ದದ್ದು ಕಾಲ. 1385ರಿಂದ 1479ರವರೆಗಿನ ತೊಂಬತ್ತನಾಲ್ಕು ವರ್ಷಗಳಲ್ಲಿ ಯಾವ ರಾಜ ಯಾರ ಮಗ, ಯಾವ ಊರು ಏಕೆ ಉಳಿಯಿತು, ಜನ ಮಂತ್ರವಿಲ್ಲದೆ ಹೇಗೆ ಬದುಕಿದರು ಎಂಬುದಕ್ಕೆ ಅಲ್ಲೊಂದು ಇಲ್ಲೊಂದು ಸಾಲು ಮಾತ್ರ ಸಿಗುತ್ತದೆ. ಮೇಜಿನಲ್ಲಿ ಕುಳಿತ ಆಟಗಾರ ಕೇಳುವ ಮೊದಲ ಪ್ರಶ್ನೆ “ನನ್ನ ಅಜ್ಜ ಏನು ಮಾಡುತ್ತಿದ್ದ?” ಎಂಬುದಾಗಿದ್ದರೆ ಪುಸ್ತಕ ಬಾಯಿ ಬಿಡುವುದಿಲ್ಲ.

ಕಬ್ಬನ್‌ಪೇಟೆ ಬಾರ್ಡ್

ನಮ್ಮ ಮೇಜಿನಲ್ಲಿ ಇದುವರೆಗೆ ಯಾರೂ ಅಜ್ಜನ ಬಗ್ಗೆ ಕೇಳಿಲ್ಲ. ಎಲ್ಲರ ಪಾತ್ರಗಳೂ ಅನಾಥರೇ.

ನಕ್ಷೆಗಾರ

ಇಷ್ಟು ಚರ್ಚೆಯಲ್ಲಿ ಯಾರೂ ನಕ್ಷೆಯ ಮಾತೆತ್ತಿಲ್ಲ. 2001ರ ಪುಸ್ತಕದ ಮಡಿಕೆ ನಕ್ಷೆಯ ಮೇಲೆಯೂ ಖಂಡವನ್ನು ಹಿಂಡಿ ಸಣ್ಣದು ಮಾಡಿದ್ದಾರೆಂಬ ದೂರು ಇತ್ತು, ಆದರೆ ಅದನ್ನು ಮೇಜಿನ ಮೇಲೆ ಹರಡಿದರೆ ಊರುಗಳ ಹೆಸರು ಓದಿ ದಾರಿ ಹುಡುಕಬಹುದಿತ್ತು. 2008ರ ನಕ್ಷೆಯನ್ನು ನೋಡಿದರೆ ಮೊದಲು ಕಾಣುವುದು ಬಣ್ಣ, ಆಮೇಲೆ ಬಿರುಕು, ಕೊನೆಗೆ ಊರು. ಒಂದು ಪಯಣಕ್ಕೆ ಎಷ್ಟು ದಿನ ಬೇಕು ಎಂದು ಅಳೆಯಲು ಹೊರಟ ಡಿಎಂ ಅಲ್ಲೇ ಸೋಲುತ್ತಾನೆ. ವಿಮರ್ಶಕರು ದೇವತೆಗಳ ಸಾವಿನ ಬಗ್ಗೆ ಪುಟಗಟ್ಟಲೆ ಬರೆದು ಇದನ್ನು ಒಂದು ಸಾಲಿನಲ್ಲಿ ಮುಗಿಸಿದ್ದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಲೆಕ್ಕದ ಮಾಸ್ತರ

ಎಲ್ಲರೂ ಒಂದು ಹೋಲಿಕೆಯನ್ನು ಬಿಟ್ಟಿದ್ದೀರಿ. ಅದೇ 2008ರ ಆಗಸ್ಟ್‌ನಲ್ಲಿ ಪೈಜೋ ಸಂಸ್ಥೆ ತನ್ನ ಗೊಲಾರಿಯನ್ ಜಗತ್ತಿನ ‘ಪಾಥ್‌ಫೈಂಡರ್ ಕ್ರಾನಿಕಲ್ಸ್ ಕ್ಯಾಂಪೇನ್ ಸೆಟ್ಟಿಂಗ್’ ಅನ್ನು ಹೊರತಂದಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ.

ಗೊಲಾರಿಯನ್‌ನಲ್ಲಿ ಮಾನವಕುಲದ ದೇವರು ಅರೋಡೆನ್, ಆ ಜಗತ್ತಿನ ಕಾಲಗಣನೆಯ 4606ರಲ್ಲಿ ಸಾಯುತ್ತಾನೆ. ಭವಿಷ್ಯವಾಣಿಗಳು ಸುಳ್ಳಾಗುತ್ತವೆ. ತೀರದಲ್ಲಿ ಎಂದೂ ನಿಲ್ಲದ ಚಂಡಮಾರುತವೊಂದು ಎದ್ದು ದೇಶಗಳನ್ನು ಮುಳುಗಿಸುತ್ತದೆ. ಉತ್ತರದಲ್ಲಿ ರಾಕ್ಷಸಲೋಕಕ್ಕೆ ಬಾಗಿಲು ತೆರೆಯುತ್ತದೆ. ಆಟ ಶುರುವಾಗುವುದು ಸುಮಾರು ನೂರು ವರ್ಷಗಳ ನಂತರ, 4708ರಲ್ಲಿ. ಫೇರೂನ್‌ನಲ್ಲಿ ಮಿಸ್ಟ್ರಾ ಸಾಯುತ್ತಾಳೆ, ದೇಶಗಳು ಮುಳುಗುತ್ತವೆ, ಸುಮಾರು ನೂರು ವರ್ಷಗಳ ನಂತರ ಆಟ ಶುರುವಾಗುತ್ತದೆ. ಒಂದೇ ತಿಂಗಳಲ್ಲಿ ಬಂದ ಎರಡು ಪುಸ್ತಕಗಳ ಬುನಾದಿ ಹೆಚ್ಚುಕಡಿಮೆ ಒಂದೇ. ಒಂದನ್ನು ಜನ ಹೊತ್ತು ಮೆರೆಸಿದರು, ಇನ್ನೊಂದನ್ನು ಬೈದರು. ಅರೋಡೆನ್ ಏಕೆ ಸತ್ತ ಎಂದು ಪೈಜೋ ವಿವರಿಸಲಿಲ್ಲ, ಅದನ್ನು ರಹಸ್ಯವೆಂದು ಕೊಂಡಾಡಿದರು. ಫೇರೂನ್‌ನ ಪುಸ್ತಕ ವಿವರಿಸದೆ ಬಿಟ್ಟದ್ದನ್ನು ಸೋಮಾರಿತನ ಎಂದರು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಗೊಲಾರಿಯನ್‌ನಲ್ಲಿ ಮುಳುಗಿದ ಲಿರ್ಗೆನ್ ದೇಶದಲ್ಲಿ ಯಾರೂ ಮುಂಚೆ ಬದುಕಿರಲಿಲ್ಲ. ಹಲ್ರುವಾದಲ್ಲಿ ತುಂಗಾತೀರದ ಮೇಡಂ ಬದುಕಿದ್ದರು. ಆದ್ದರಿಂದ ಹೊಸದಾಳ ಅವರು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು: ನಾಶದ ಕಲ್ಪನೆಯಲ್ಲಿ ಹುಳುಕಿರಲಿಲ್ಲ, ಅದನ್ನು ಮಾಡಿದ ಜಾಗ ತಪ್ಪಾಗಿತ್ತು.

ತುಂಗಾತೀರದವಳು

ಮಾಸ್ತರರೇ, ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಡಲ್ಲಾಸ್ ಕನ್ನಡಿಗ

ನಾನು ಮುಕ್ಕಾಲು ಪಾಲು ಮಾತ್ರ ಒಪ್ಪುತ್ತೇನೆ. ಗೊಲಾರಿಯನ್ ಪುಸ್ತಕ ಆ ನಾಶವನ್ನು ದೇಶದೇಶಕ್ಕೂ ಬೇರೆಬೇರೆಯಾಗಿ ದುಡಿಸಿಕೊಂಡಿದೆ. ಅರೋಡೆನ್ ಸತ್ತದ್ದಕ್ಕೇ ಚೆಲಿಯಾಕ್ಸ್ ದೇಶದಲ್ಲಿ ಅಂತರ್ಯುದ್ಧವಾಗಿ, ನರಕದ ಜೊತೆ ಒಪ್ಪಂದ ಮಾಡಿಕೊಂಡ ಮನೆತನ ಗದ್ದುಗೆ ಏರಿತು. ಒಬ್ಬ ದೇವರು ಸತ್ತರೆ ತೆರಿಗೆ ವಸೂಲಿಯವರೆಗೆ ಏನೇನು ಬದಲಾಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಫೇರೂನ್‌ನ ಪುಸ್ತಕದಲ್ಲಿ ಸ್ಪೆಲ್‌ಪ್ಲೇಗ್ ಎಲ್ಲ ಕಡೆಗೂ ಒಂದೇ ಉತ್ತರ. ಈ ದೇಶ ಏಕಿಲ್ಲ? ಸ್ಪೆಲ್‌ಪ್ಲೇಗ್. ಈ ಗುಡ್ಡ ಗಾಳಿಯಲ್ಲಿ ಏಕೆ ತೇಲುತ್ತಿದೆ? ಸ್ಪೆಲ್‌ಪ್ಲೇಗ್. ಹಾಗಾಗಿ ಬರವಣಿಗೆಯ ಮಟ್ಟದಲ್ಲೂ ವ್ಯತ್ಯಾಸ ಇದೆ ಎಂಬುದು ನನ್ನ ವಾದ.

ಆರನೇ ಹಂತದ ರಾಕ್ಷಸ

ಥೇ ದೇಶವನ್ನು ಮರೆಯಬೇಡಿ. ಮಾಂತ್ರಿಕರ ಮಂಡಳಿ ಆಳುತ್ತಿದ್ದ ನಾಡು ಸಾಸ್ ಟ್ಯಾಮ್ ಒಬ್ಬನ ಕೈಗೆ ಬಂದು ಪೂರ್ತಿ ಪ್ರೇತರಾಜ್ಯವಾಗಿದ್ದು ಇದೇ ಪುಸ್ತಕದಲ್ಲಿ. ಅದು ಚೆನ್ನಾಗಿ ಬಂದಿದೆ. ಹಳೆಯ ಮಾಂತ್ರಿಕ ಸಾಮ್ರಾಜ್ಯ ನೆದರಿಲ್ ಮತ್ತೆ ಎದ್ದು ನಿಂತು ಸೆಂಬಿಯಾವನ್ನು ನುಂಗಿ ಕಾರ್ಮಿರ್‌ನ ಗಡಿಗೆ ಬಂದದ್ದೂ ಆಟಕ್ಕೆ ಒಳ್ಳೆಯ ಸರಕು. ಹುಡುಕಿದರೆ ಬಂಗಾರ ಇದೆ.

ಹಳೇ ಕಾದಂಬರಿ

ನೆವರ್‌ವಿಂಟರ್ ನಗರವನ್ನೂ ಇದೇ ಪುಸ್ತಕದಲ್ಲಿ ಸುಟ್ಟರಲ್ಲವೇ? ಅದನ್ನು ಯಾರೂ ಹೇಳಲಿಲ್ಲ.

ಬೂದುಪೆಟ್ಟಿಗೆ

ಇಲ್ಲ. ನೆವರ್‌ವಿಂಟರ್ ಜ್ವಾಲಾಮುಖಿಗೆ ಸಿಕ್ಕಿದ್ದು 2010ರಲ್ಲಿ ಬಂದ ಸಾಲ್ವಟೋರ್ ಅವರ ‘ಗಾಂಟಲ್‌ಗ್ರಿಮ್’ ಕಾದಂಬರಿಯಲ್ಲಿ. ಅದರ ನಂತರದ ‘ನೆವರ್‌ವಿಂಟರ್ ಕ್ಯಾಂಪೇನ್ ಸೆಟ್ಟಿಂಗ್’ 2011ರ ಪುಸ್ತಕ. ನೀವು ಅದರ ಹೆಸರು ತೆಗೆದದ್ದು ಒಳ್ಳೆಯದೇ ಆಯಿತು, ಏಕೆಂದರೆ ಈ ಚರ್ಚೆಗೆ ಅದು ಬೇಕಾದ ಸಾಕ್ಷಿ. ಆವೃತ್ತಿ ಅದೇ, ಸ್ಪೆಲ್‌ಪ್ಲೇಗ್ ಅದೇ, ನೂರು ವರ್ಷದ ಜಿಗಿತವೂ ಅದೇ. ಆದರೂ ಆ ಪುಸ್ತಕವನ್ನು ನಾಲ್ಕನೇ ಆವೃತ್ತಿಯ ವಿರೋಧಿಗಳೂ ಹೊಗಳಿದರು. ಅದು ಖಂಡವನ್ನು ಬಿಟ್ಟು ಒಂದು ನಗರವನ್ನು, ಅದರ ಸುತ್ತಲಿನ ಕಾಡನ್ನು ಹಿಡಿದುಕೊಂಡಿತು. ಪಾಳುಬಿದ್ದ ನಗರವನ್ನು ಮರಳಿ ಕಟ್ಟುತ್ತಿರುವ ಆಡಳಿತಗಾರ ಒಬ್ಬ, ಅವನನ್ನು ವಿರೋಧಿಸುವ ಊರಿನವರು, ಕಾಡಿನಲ್ಲಿ ಹೊಂಚುಹಾಕಿರುವ ಥೇ ಮಾಂತ್ರಿಕರು. ಪ್ರತಿ ಪಾತ್ರಕ್ಕೂ ಈ ಜಗಳದಲ್ಲಿ ಒಂದು ಪಾಲು ಇರುವಂತೆ ಹಿನ್ನೆಲೆಗಳನ್ನು ಕೊಟ್ಟಿದ್ದರು. “ನನ್ನ ಅಜ್ಜ ಏನು ಮಾಡುತ್ತಿದ್ದ?” ಎಂದರೆ ಆ ಪುಸ್ತಕದಲ್ಲಿ ಉತ್ತರ ಇತ್ತು. ಬಾರ್ಡ್ ಅವರ ಅನಾಥರಿಗೂ ಇತ್ತು.

ಅಮಾವಾಸ್ಯೆ ರೋಗ್

ಎಲ್ಲರೂ 2008ನ್ನು ಮೊದಲ ಪಾಪವೆಂಬಂತೆ ಮಾತನಾಡುತ್ತಿದ್ದೀರಿ. 1989ರಲ್ಲೇ ಇದು ಆಗಿತ್ತು. ಎರಡನೇ ಆವೃತ್ತಿಗೆ ಹೋಗುವಾಗ ದೇವತೆಗಳನ್ನೆಲ್ಲ ಭೂಮಿಗೆ ತಳ್ಳಿ ಹಲವರನ್ನು ಕೊಂದರು. ಹೊಸ ನಿಯಮಗಳಲ್ಲಿ ಅಸಾಸಿನ್ (ಹಂತಕ) ಎಂಬ ಪಾತ್ರವರ್ಗ ಇರಲಿಲ್ಲ ಎಂಬುದಕ್ಕಾಗಿ ಕೊಲೆಯ ದೇವರು ಭಾಲ್‌ನ ಜೊತೆಗೆ ಜಗತ್ತಿನ ಅಸಾಸಿನ್‌ಗಳನ್ನೂ ಮುಗಿಸಿದರು. ಆಗಲೂ ಜನ ಬೈದಿದ್ದರು. ಆದರೆ ಭಾಲ್ ಸಾಯದಿದ್ದರೆ 1998ರ ‘ಬಾಲ್ಡರ್ಸ್ ಗೇಟ್’ ಕಂಪ್ಯೂಟರ್ ಆಟದ ಕಥೆಯೇ ಇರುತ್ತಿರಲಿಲ್ಲ. ಹೊಸದಾಳ ಅವರು ಈ ಆಟಕ್ಕೆ ಬಂದ ದಾರಿಯೂ ಇರುತ್ತಿರಲಿಲ್ಲ. ಸ್ಪೆಲ್‌ಪ್ಲೇಗ್‌ನ ನಂತರದ ಕಾಲದಲ್ಲಿ ಹುಟ್ಟಿದ ಎರಿನ್ ಎವಾನ್ಸ್ ಅವರ ‘ಬ್ರಿಮ್‌ಸ್ಟೋನ್ ಏಂಜಲ್ಸ್’ ಸರಣಿಯನ್ನು ನಾನು ಹಳೆಯ ಎಷ್ಟೋ ಕಾದಂಬರಿಗಳಿಗಿಂತ ಮೇಲಿಡುತ್ತೇನೆ. ಒಡೆದದ್ದನ್ನು ಹತ್ತು ವರ್ಷ ಬಿಟ್ಟು ಅಳೆಯಬೇಕು, ಬಿಡುಗಡೆಯ ವಾರದಲ್ಲಿ ಅಲ್ಲ.

ತುಂಗಾತೀರದವಳು

ಹತ್ತು ವರ್ಷ ಅವರೇ ಬಿಡಲಿಲ್ಲವಲ್ಲ, ರೋಗ್ ಅವರೇ! 2012ರ ಜೆನ್ ಕಾನ್ ಸಮಾವೇಶದಲ್ಲೇ ‘ದ ಸಂಡರಿಂಗ್’ ಎಂಬ ಸರಣಿ ಘೋಷಿಸಿ, ಆರು ಕಾದಂಬರಿಗಳಲ್ಲಿ ಎಲ್ಲವನ್ನೂ ಹಿಂದಕ್ಕೆ ತಿರುಗಿಸಿದರು. ಮಿಸ್ಟ್ರಾ ಮರಳಿದಳು, ಎರಡು ಜಗತ್ತುಗಳು ಬೇರೆಯಾದವು, ಐದನೇ ಆವೃತ್ತಿಯಲ್ಲಿ ಹಲ್ರುವಾ ಕೂಡ ಮರಳಿತು. ಪ್ರಕಾಶಕರೇ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡಂತೆ ಅದು. ಅದಕ್ಕಿಂತ ದೊಡ್ಡ ವಿಮರ್ಶೆ ಯಾರಿಂದ ಬರೆಯಲಾಗುತ್ತದೆ?

1989ರಲ್ಲಿ ಕಾಲ ಕೆಲವೇ ವರ್ಷ ಮುಂದೆ ಸರಿದಿತ್ತು ಎಂಬುದನ್ನೂ ಗಮನಿಸಿ. ನಿಮ್ಮ ಪಾತ್ರ ಬದುಕಿತ್ತು, ಅವನ ಹೆಂಡತಿ ಬದುಕಿದ್ದಳು, ಅವನ ಸಾಲವೂ ಉಳಿದಿತ್ತು. 2008ರಲ್ಲಿ ಎಲ್ಫ್ ಅಥವಾ ಡ್ವಾರ್ಫ್ ಆಗಿರದ ಪ್ರತಿಯೊಬ್ಬ ಪಾತ್ರಧಾರಿಯೂ ಒಂದೇ ಪುಟ ತಿರುಗಿಸುವುದರಲ್ಲಿ ಸತ್ತ.

ಅಮಾವಾಸ್ಯೆ ರೋಗ್

ಹಿಂದಕ್ಕೆ ತಿರುಗಿಸಿದ ಮೇಲೆ ಬಂದ 2015ರ ‘ಸ್ವೋರ್ಡ್ ಕೋಸ್ಟ್ ಅಡ್ವೆಂಚರರ್ಸ್ ಗೈಡ್’ ಹೇಗಿತ್ತು ಹೇಳಿ? 160 ಪುಟ, ಅದರಲ್ಲಿ ಒಂದು ಪಾಲು ಆಟಗಾರರ ನಿಯಮಗಳಿಗೆ, ಉಳಿದದ್ದು ಹೆಚ್ಚಾಗಿ ಪಶ್ಚಿಮ ತೀರಕ್ಕೆ. ಹಲ್ರುವಾ ಮರಳಿತು ಎಂದು ಒಂದೆರಡು ಸಾಲು ಹೇಳಿದರೇ ಹೊರತು ಅಲ್ಲಿ ಆಡಿಸಲು ಏನೂ ಕೊಡಲಿಲ್ಲ. 2008ರ ಪುಸ್ತಕವನ್ನು ತೆಳುವೆಂದು ಬೈದವರಿಗೆ ಅದರ ನಂತರ ಸಿಕ್ಕಿದ್ದು ಇನ್ನೂ ತೆಳುವಾದದ್ದು.

ತುಂಗಾತೀರದವಳು

ಅದು ನಿಜ. ಅದನ್ನೂ ಬೈದಿದ್ದೇನೆ.

ಮಂಡ್ಯದ ಮೋಹಿನಿ

ಕಾಲವನ್ನು ಮುಂದಕ್ಕೆ ಸರಿಸುವ ಅಗತ್ಯವಾದರೂ ಏನಿತ್ತು ಎಂಬುದು ನನ್ನ ಪ್ರಶ್ನೆ. ಇದೇ ಆಟದ ಇನ್ನೊಂದು ಜಗತ್ತಾದ ಎಬೆರಾನ್ ನೋಡಿ. 2002ರ ಸ್ಪರ್ಧೆಗೆ ಬಂದ 11,000ಕ್ಕೂ ಹೆಚ್ಚು ಪ್ರಸ್ತಾವಗಳಲ್ಲಿ ಆಯ್ಕೆಯಾದ ಕೀತ್ ಬೇಕರ್ ಅವರ ಜಗತ್ತು ಅದು. 2004ರ ಪುಸ್ತಕ ಶುರುವಾಗುವುದು ಆ ಜಗತ್ತಿನ 998ನೇ ವರ್ಷದಲ್ಲಿ. 2009ರಲ್ಲಿ ನಾಲ್ಕನೇ ಆವೃತ್ತಿಗೆ ಬಂದಾಗಲೂ 998, 2019ರಲ್ಲಿ ಐದನೇ ಆವೃತ್ತಿಗೆ ಬಂದಾಗಲೂ 998. ಅಲ್ಲಿನ ಸೈರ್ ದೇಶ ಹೇಗೆ ನಾಶವಾಯಿತು ಎಂಬುದನ್ನು ಇದುವರೆಗೆ ಅಧಿಕೃತವಾಗಿ ಹೇಳಿಲ್ಲ, ಹೇಳುವುದೂ ಇಲ್ಲ. ಮುಂದೇನಾಗುತ್ತದೆ ಎಂಬುದು ಪೂರ್ತಿಯಾಗಿ ಆಯಾ ಮೇಜಿನ ಹಕ್ಕು. ಡಾರ್ಕ್ ಸನ್ ಎಂಬ ಮತ್ತೊಂದು ಜಗತ್ತು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2010ರ ಪುಸ್ತಕ, ತೊಂಬತ್ತರ ದಶಕದ ಕಾದಂಬರಿಗಳಲ್ಲಿ ನಡೆದ ಬದಲಾವಣೆಗಳನ್ನೆಲ್ಲ ಬದಿಗಿಟ್ಟು, ರಾಜ ಕಾಲಕ್ ಸತ್ತು ಟಿರ್ ನಗರ ಬಿಡುಗಡೆಯಾದ ಗಳಿಗೆಗೇ ಮರಳಿತು. ಅಭಿಮಾನಿಗಳು ಕುಣಿದಾಡಿದರು. ಇವೆಲ್ಲ ಅದೇ ಸಂಸ್ಥೆಯ ಕೆಲಸ, 2009 ಮತ್ತು 2010ರ ಪುಸ್ತಕಗಳಂತೂ ಅದೇ ಆವೃತ್ತಿಯವು.

ಫೇರೂನ್‌ನ ಪುಸ್ತಕಕ್ಕೆ ಬಿದ್ದ ಪೆಟ್ಟನ್ನು ನೋಡಿಯೇ ಡಾರ್ಕ್ ಸನ್‌ನಲ್ಲಿ ಹಾಗೆ ಮಾಡಿದರು ಎಂದು ನಾನು ಊಹಿಸುತ್ತೇನೆ. ಊಹೆಯಷ್ಟೇ.

ಡಲ್ಲಾಸ್ ಕನ್ನಡಿಗ

ಎಬೆರಾನ್‌ಗೆ ಕಾದಂಬರಿಗಳ ಭಾರ ಅಷ್ಟಿರಲಿಲ್ಲ, ಮೋಹಿನಿ ಅವರೇ. ಫೇರೂನ್‌ನಲ್ಲಿ ಪ್ರತಿ ವರ್ಷ ಕಾದಂಬರಿ ಬರಬೇಕು, ಬಂದರೆ ಏನಾದರೂ ಆಗಬೇಕು, ಆದದ್ದು ಮುಂದಿನ ಪುಸ್ತಕದಲ್ಲಿ ಸೇರಬೇಕು. ಆ ಗಾಣ ನಿಲ್ಲುವಂತಿರಲಿಲ್ಲ. 2021ರಲ್ಲಿ, ಆಗ ಆಟದ ಪ್ರಮುಖ ವಿನ್ಯಾಸಕರಾಗಿದ್ದ ಜೆರೆಮಿ ಕ್ರಾಫರ್ಡ್ ಅವರು, ತಮ್ಮ ಮಟ್ಟಿಗೆ ಅಧಿಕೃತವಾದದ್ದು ಐದನೇ ಆವೃತ್ತಿಯ ಆಟದ ಪುಸ್ತಕಗಳಲ್ಲಿ ಇರುವುದು ಮಾತ್ರ, ಕಾದಂಬರಿ ಮತ್ತು ಕಂಪ್ಯೂಟರ್ ಆಟಗಳು ಅದಕ್ಕೆ ಸೇರುವುದಿಲ್ಲ ಎಂದು ಹೇಳಿದಾಗ ಮಾತ್ರ ಅದು ನಿಂತಿತು. ಆ ಮಾತನ್ನು 2007ರಲ್ಲೇ ಹೇಳಿದ್ದರೆ ಒಂದು ದೇಶವನ್ನೂ ಮುಳುಗಿಸಬೇಕಾಗುತ್ತಿರಲಿಲ್ಲ.

ಹಳೇ ಕಾದಂಬರಿ

ಹಾಗೆ ಹೇಳಿದ್ದರೆ ನನ್ನಂತಹವರು 2007ರಲ್ಲೇ ಬಿಟ್ಟು ಹೋಗುತ್ತಿದ್ದೆವು. ನಾನು ಈ ಜಗತ್ತಿಗೆ ಬಂದದ್ದೇ ಸಾಲ್ವಟೋರ್ ಅವರ ನಾಯಕ ಡ್ರಿಝ್ಟ್‌ನ ಕಾದಂಬರಿಗಳಿಂದ. ಅವು ನಡೆದದ್ದೇ ಅಲ್ಲ ಎಂದರೆ ನಕ್ಷೆ ಇಟ್ಟುಕೊಂಡು ನಾನೇನು ಮಾಡಲಿ?

ಕಬ್ಬನ್‌ಪೇಟೆ ಬಾರ್ಡ್

ಡ್ರಿಝ್ಟ್ ಎಲ್ಫ್ ಆದ್ದರಿಂದ ನೂರು ವರ್ಷ ಬದುಕಿಕೊಂಡ. ಅವನ ಮನುಷ್ಯ ಗೆಳೆಯರ ಗತಿ ಏನಾಯಿತೆಂದು ಓದಿದ್ದೀರಲ್ಲ.

ಹಳೇ ಕಾದಂಬರಿ

ಓದಿದ್ದೇನೆ, ನೆನಪಿಸಬೇಡಿ. ಸಂಡರಿಂಗ್‌ನ ಮೊದಲ ಕಾದಂಬರಿಯಲ್ಲೇ ಅವರಿಗೆ ಪುನರ್ಜನ್ಮ ಕೊಡಬೇಕಾಯಿತು.

ನಕ್ಷೆಗಾರ

ಇನ್ನೊಂದು ವಿಷಯ. ನಮ್ಮಲ್ಲಿ ಈ ಪುಸ್ತಕವನ್ನು ಬೈಯುವವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದರು ಎಂಬುದೂ ಕೇಳಬೇಕಾದ ಪ್ರಶ್ನೆ. 2009ರ ಏಪ್ರಿಲ್‌ನಲ್ಲಿ ವಿಝರ್ಡ್ಸ್ ಸಂಸ್ಥೆ ಕಳ್ಳಪ್ರತಿಗಳ ಕಾರಣ ಕೊಟ್ಟು ತನ್ನ ಎಲ್ಲ ಪಿಡಿಎಫ್‌ಗಳ ಮಾರಾಟವನ್ನು ನಿಲ್ಲಿಸಿತು. ಅದು ಮತ್ತೆ ಶುರುವಾದದ್ದು 2013ರಲ್ಲಿ. ಬೆಂಗಳೂರು, ಮೈಸೂರಿನಲ್ಲಿದ್ದ ನಮಗೆ ವಿದೇಶದಿಂದ ಬರುವ ನೆಂಟರ ಸೂಟ್‌ಕೇಸೇ ಗತಿ. ಹೀಗಾಗಿ ನಾವು ಮೊದಲು ಓದಿದ್ದು ಇಂಗ್ಲಿಷಿನ ಸಿಟ್ಟಿನ ವಿಮರ್ಶೆಗಳನ್ನು, ಪುಸ್ತಕ ಸಿಕ್ಕಿದ್ದು ಎಷ್ಟೋ ಕಾಲದ ನಂತರ. ಹೊಸದಾಳ ಅವರದು ಅಪರೂಪದ ಓದು, ಏಕೆಂದರೆ ಅವರು ಪುಸ್ತಕದಿಂದ ಶುರುಮಾಡಿ ವಿಮರ್ಶೆಗೆ ಹೋಗಿದ್ದಾರೆ.

ಗಡಿನಾಡ ಭಾಗವತ

ಗ್ರೀನ್‌ವುಡ್ ಅವರ ಹೆಸರೇ ಮುಖಪುಟದಲ್ಲಿ ಇರುವಾಗ “ಸೃಷ್ಟಿಕರ್ತನಿಗೇ ದ್ರೋಹ” ಎಂಬ ಮಾತು ಹೇಗೆ ಹುಟ್ಟಿತೋ ತಿಳಿಯದು.

ಬೂದುಪೆಟ್ಟಿಗೆ

ಹೆಸರಿದ್ದ ಮಾತ್ರಕ್ಕೆ ನೂರು ವರ್ಷ ಜಿಗಿಯುವ ತೀರ್ಮಾನ ಅವರದು ಎಂದಾಗುವುದಿಲ್ಲ. ಜಗತ್ತಿನ ಹಕ್ಕು ಎಂಬತ್ತರ ದಶಕದಲ್ಲೇ ಅವರ ಕೈಬಿಟ್ಟಿತ್ತು. ಆಮೇಲೆ ಅವರು 2010ರಲ್ಲಿ ‘ಎಲ್ಮಿನ್‌ಸ್ಟರ್ ಮಸ್ಟ್ ಡೈ’ ಬರೆದು, ದೇವತೆ ಸತ್ತ ನಂತರ ಅರೆಹುಚ್ಚನಾಗಿ ಅಲೆಯುವ ಮುದುಕನನ್ನು ತೋರಿಸಿದರು. ಆ ಕಾಲವನ್ನು ನಾನು ಓದಿ ನಂಬಿದ್ದು ಕ್ಯಾಂಪೇನ್ ಪುಸ್ತಕದಲ್ಲಿ ಅಲ್ಲ, ಅಲ್ಲಿ.

ಹೊಸದಾಳ

ಇಷ್ಟು ಬರುತ್ತದೆಂದು ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಲೆಕ್ಕದ ಮಾಸ್ತರರ ಹೋಲಿಕೆಯನ್ನು ಓದಿದ ಮೇಲೆ ನನಗೆ ಅನಿಸಿದ್ದು, ನಾನು ಈ ಪುಸ್ತಕವನ್ನು ಗೊಲಾರಿಯನ್ ಓದುವವರ ಹಾಗೆ ಓದಿದ್ದೇನೆ ಎಂದು. ಹಾಗೆ ಓದಿದರೂ ಡಲ್ಲಾಸ್‌ನವರ ಆಕ್ಷೇಪ ನಿಲ್ಲುತ್ತದೆ, ಏಕೆಂದರೆ ಲೌಡ್‌ವಾಟರ್ ಬಿಟ್ಟು ಹೊರಗೆ ಹೋದ ಮೇಲೆ ಪುಸ್ತಕ ನನ್ನ ಕೈ ಬಿಡುತ್ತಿದೆ. ನಮ್ಮ ಗುಂಪಿನಲ್ಲಿ ಇಬ್ಬರು ಹಾರುವ ಹಡಗು ಬೇಕೆಂದು ಹಟ ಹಿಡಿದಿದ್ದಾರೆ. 1479ರಲ್ಲೇ ಆಡಿಸುವುದಾದರೆ ಹಲ್ರುವಾದ ಅವಶೇಷಗಳಿಗೆ ಯಾವ ಪುಸ್ತಕ ನೋಡಬೇಕು?

ತುಂಗಾತೀರದವಳು

‘ಶೈನಿಂಗ್ ಸೌತ್’ ತೆಗೆದುಕೊಳ್ಳಿ, ಊರುಗಳ ಹೆಸರು, ಮಾಂತ್ರಿಕ ಮನೆತನಗಳು ಎಲ್ಲ ಅಲ್ಲಿವೆ. ಅವುಗಳ ಮೇಲೆ ನೀವೇ ನೂರು ವರ್ಷ ಸುರಿಯಿರಿ. ಸ್ಫೋಟದ ದಿನ ಒಂದು ಹಡಗು ಆಕಾಶದಲ್ಲಿತ್ತು, ಅದರಲ್ಲಿದ್ದವರ ಮೊಮ್ಮಕ್ಕಳು ಈಗ ಲೌಡ್‌ವಾಟರ್‌ನಲ್ಲಿದ್ದಾರೆ ಎಂದು ಶುರುಮಾಡಿ. ಪ್ರಕಾಶಕರು ಬರೆಯದೆ ಬಿಟ್ಟದ್ದು ಅದೇ.

ಕಬ್ಬನ್‌ಪೇಟೆ ಬಾರ್ಡ್

ಅಂದರೆ ಖಾಲಿ ಬಿಟ್ಟಿದ್ದು ಉಪಯೋಗಕ್ಕೆ ಬಂತು ಎಂದಾಯಿತು, ಮೇಡಂ.

ತುಂಗಾತೀರದವಳು

ಉಪಯೋಗಕ್ಕೆ ಬಂದದ್ದು 2004ರ ಪುಸ್ತಕ, ಬಾರ್ಡ್ ಅವರೇ.